ಅಗಸೆ ಚಟಗುಟ್ಟುವ ಸದ್ದು

ನಮ್ಮ ಹಸು ಮೂರು ತಿಂಗಳು ತಿಂದದ್ದು ಏನೆಂದು ಗೊತ್ತಾದ ದಿನ ನಾನು ಕೊಟ್ಟಿಗೆಯ ಮುಂದೆ ನಿಂತು ಹಣೆ ಚಚ್ಚಿಕೊಂಡೆ. ಪೀಣ್ಯದ ಎರಡನೇ ಹಂತದ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ನಾನು ಹಗಲೆಲ್ಲ ಹುಡುಕುತ್ತಿದ್ದ ವಸ್ತು ನಮ್ಮ ಮನೆಯ ಬಾನಿಯಲ್ಲಿ ಬಿದ್ದಿತ್ತು. ಅದನ್ನು ಸ್ಕೂಟಿಯ ಮುಂದೆ ಇಟ್ಟುಕೊಂಡು ತಂದು ಹಾಕುತ್ತಿದ್ದವಳೂ ನಾನೇ.

ಮೆಟ್ರೊ ಕಂಬಗಳು ತುಮಕೂರು ರಸ್ತೆಯ ನಡುವೆ ಏಳುತ್ತಿದ್ದ ಕಾಲ ಅದು. ನಮ್ಮದು ಪೀಣ್ಯಕ್ಕೆ ಅಂಟಿಕೊಂಡ ಹಳ್ಳಿ. ರಾಗಿ ಬೆಳೆಯುತ್ತಿದ್ದ ಹೊಲ ನಾನು ಹುಟ್ಟುವ ಮೊದಲೇ ಕೈಗಾರಿಕೆಗೆ ಹೋಗಿತ್ತು. ಉಳಿದ ಜಾಗದಲ್ಲಿ ಅಪ್ಪ ಸಾಲಾಗಿ ಆರು ಬಾಡಿಗೆ ಮನೆ ಕಟ್ಟಿಸಿದ್ದರು. ಅಮ್ಮ ಹೊಲ ಬಿಟ್ಟುಕೊಟ್ಟರೂ ಹಸು ಬಿಟ್ಟುಕೊಡಲಿಲ್ಲ. ಹಾಗಾಗಿ ವಠಾರದ ಹಿಂದೆ ಒಂದು ಕೊಟ್ಟಿಗೆ, ಅದರ ಹಿಂದೆ ಒಂದು ಸ್ಪ್ರಿಂಗ್ ತಯಾರಿಸುವ ಶೆಡ್ಡು, ಹೀಗೆ ನಮ್ಮ ಸಂಸಾರ ನಡೆದಿತ್ತು.

ನಾನು ಬಿಎಸ್ಸಿ ಮುಗಿಸಿ ಸೇರಿದ್ದು ಬೀಜಗಳಿಂದ ಸಾರ ತೆಗೆಯುವ ಕಂಪನಿಗೆ. ಎಳ್ಳು, ಮೆಂತ್ಯ, ಕರಿಜೀರಿಗೆ, ದ್ರಾಕ್ಷಿ ಬೀಜ, ಎಲ್ಲದರಲ್ಲೂ ಏನಾದರೂ ಒಂದು ಇರುತ್ತದೆ. ಮೈಯೊಳಗಿನ ಊತ, ಉರಿ, ಕೆಂಪನ್ನು ತಗ್ಗಿಸಬಲ್ಲವು ಎಂದು ಸಂಶೋಧಕರು ನಂಬಿರುವ ವಸ್ತುಗಳು ಬೀಜದೊಳಗೆ ಚೂರುಪಾರು ಇರುತ್ತವೆ. ಅದನ್ನು ಹೊರಗೆ ತೆಗೆದು, ಒಣಗಿಸಿ, ಪುಡಿ ಮಾಡಿ ಕ್ಯಾಪ್ಸೂಲ್ ಮಾಡುವವರಿಗೆ ಕಳಿಸುವುದು ನಮ್ಮ ಕೆಲಸ. ಬೀಜವೇ ಯಾಕೆ ಅಂದರೆ, ಮುಂದಿನ ಗಿಡವನ್ನು ಕಾಪಾಡಬೇಕಾದ್ದನ್ನೆಲ್ಲ ಗಿಡ ಅಲ್ಲೇ ಕೂಡಿಡುತ್ತದೆ. ಈ ಮಾತು ನಮ್ಮ ಮ್ಯಾನೇಜರ್ ಹೇಳಿದ್ದು. ಅವರು ಹೇಳಿದ್ದರಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ಒಂದೇ ಮಾತು ಅದು.

ಆ ವರ್ಷ ನನ್ನ ಪಾಲಿಗೆ ಬಂದದ್ದು ಅಗಸೆ. ಅಗಸೆಯಲ್ಲಿ ಲಿಗ್ನಾನ್ ಎಂಬ ವಸ್ತು ಇದೆ. ಮುಂಬೈನ ಒಬ್ಬ ಗಿರಾಕಿ ಇಷ್ಟು ಪ್ರಮಾಣ ಇರುವ ಪುಡಿ ಬೇಕು ಎಂದು ಕೇಳಿದ್ದರು. ಮೂರು ತಿಂಗಳು ಕಳೆದರೂ ನನ್ನ ಪುಡಿ ಅದರ ಕಾಲು ಭಾಗವನ್ನೂ ಮುಟ್ಟಿರಲಿಲ್ಲ. ಸಾರವನ್ನು ಅಳೆಯುವ ಯಂತ್ರದ ಪರದೆಯ ಮೇಲೆ ಗುಡ್ಡದ ಹಾಗೆ ಗೆರೆ ಏಳಬೇಕು. ನನಗೆ ಏಳುತ್ತಿದ್ದದ್ದು ಇರುವೆಗೂಡು.

ಅಗಸೆಯ ಕಾಟ ಗೊತ್ತಿರುವವರಿಗೆ ಗೊತ್ತು. ನೀರು ತಾಕಿದರೆ ಲೋಳೆ ಬಿಡುತ್ತದೆ. ಮೊದಲ ವಾರ ನಮ್ಮ ಫಿಲ್ಟರ್ ಬಟ್ಟೆಗಳೆಲ್ಲ ಕಟ್ಟಿಕೊಂಡು, ಪ್ಲಾಂಟಿನ ಹುಡುಗರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಲೋಳೆ ಇರುವುದು ಸಿಪ್ಪೆಯಲ್ಲಿ. ಸಿಪ್ಪೆ ತೆಗೆದುಬಿಡಿ ಎಂದು ಮ್ಯಾನೇಜರ್ ಹೇಳಿದರು. ಬೀಜ ಒಡೆಯುವ ಯಂತ್ರ ಬಂತು, ಸಿಪ್ಪೆ ಬೇರೆಯಾಯಿತು, ದ್ರವ ಫಿಲ್ಟರಿನಿಂದ ಸರಾಗವಾಗಿ ಇಳಿಯಿತು. ಎಲ್ಲರೂ ನಕ್ಕರು. ಸಿಪ್ಪೆ ಮೂಟೆಗಟ್ಟಲೆ ಉಳಿಯಿತು, ಬಿಸಾಡುವುದೇಕೆ ಎಂದು ನಾನು ಮನೆಗೆ ತಂದೆ. ಅಮ್ಮನಿಗೆ ಖುಷಿಯೋ ಖುಷಿ.

"ಆಲು ಗಟ್ಟಿ ಬತ್ತಾ ಅದೆ ಕಣೆ," ಅನ್ನುತ್ತಿದ್ದಳು. "ನಿಮ್ ಕಂಪ್ನಿನಾಗೆ ಇದೊಂದೇ ಒಳ್ಳೇ ಮಾಲು."

ತಮಾಷೆಗೆ ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು ಎಂದು ಆಗ ನಮಗಿಬ್ಬರಿಗೂ ತಿಳಿಯದು.

ಅಗಸೆ ಕೈಕೊಟ್ಟರೆ ನನಗೆ ಏನಾಗುತ್ತಿತ್ತು? ಬಾಟಲಿ ತೊಳೆಯುವ, ಸ್ಯಾಂಪಲ್‌ಗೆ ಚೀಟಿ ಅಂಟಿಸುವ ಕೆಲಸಕ್ಕೆ ವಾಪಸು ಹೋಗುತ್ತಿದ್ದೆ. ಅದು ಅವಮಾನ, ಆದರೆ ಹೊಟ್ಟೆಗೆ ಹೊಡೆತವಲ್ಲ. ಹೊಡೆತ ಬೀಳುತ್ತಿದ್ದದ್ದು ಬೀಜದ ಕೋಣೆಗೆ. ಅಲ್ಲಿ ಎಂಟು ಜನ ಹೆಂಗಸರು ಮೊರ ಹಿಡಿದು ಕಲ್ಲು, ಕಡ್ಡಿ, ಹುಳುಕು ಆರಿಸುತ್ತಿದ್ದರು. ಉಳಿದ ಬೀಜಗಳು ಆಗಲೇ ಹಸನಾಗಿ ಚೀಲದಲ್ಲಿ ಬರತೊಡಗಿದ್ದವು. ಅಗಸೆಯೊಂದೇ ಅವರಿಗೆ ಉಳಿದಿದ್ದ ಕೆಲಸ. ಅಗಸೆ ನಿಂತರೆ ತಿಂಗಳ ಕೊನೆಗೆ ಆ ಕೋಣೆಗೆ ಬೀಗ ಎಂದು ಮ್ಯಾನೇಜರ್ ನನಗೇ ಹೇಳಿದರು. ಹೇಳಿ, "ಹದಿನೈದು ದಿನ ಟೈಮ್ ಇದೆ. ಆಮೇಲೆ ಕಸ್ಟಮರ್ ಬರ್ತಾರೆ. ಏನಾದ್ರೂ ಮಾಡಮ್ಮ," ಎಂದರು.

ಆ ಎಂಟು ಜನರಲ್ಲಿ ಮೂವರು ನಮ್ಮ ವಠಾರದಲ್ಲೇ ಇದ್ದರು. ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಾಗ ಅವರ ಮುಖ ನೋಡುವುದು ನನಗೆ ಕಷ್ಟವಾಗತೊಡಗಿತು. ಅವರಿಗೆ ವಿಷಯ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ. ನಾನು ನೀರನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಆ ಮೂವರಲ್ಲಿ ಒಬ್ಬರು, ಮೂರನೇ ಮನೆಯಲ್ಲಿದ್ದ ಅಕ್ಕ, ಗದಗದ ಕಡೆಯವರು. ಗಂಡ ಮೆಟ್ರೊ ಕಂಬಗಳಿಗೆ ಕಂಬಿ ಕಟ್ಟುತ್ತಿದ್ದ. ಅಕ್ಕನಿಗೆ ನನಗಿಂತ ಇಪ್ಪತ್ತು ವರ್ಷ ಹೆಚ್ಚು ವಯಸ್ಸು. ಆದರೂ ಓನರ್ ಮಗಳೆಂದು ಮನೆಯಲ್ಲಿ ನನ್ನನ್ನು ಅಕ್ಕಾರ ಅನ್ನುತ್ತಿದ್ದರು, ಫ್ಯಾಕ್ಟರಿಯಲ್ಲಿ ಮೇಡಂ ಅನ್ನುತ್ತಿದ್ದರು. ನಾನೂ ಅವರನ್ನು ಅಕ್ಕ ಅನ್ನುತ್ತಿದ್ದೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ದೊಡ್ಡವರು ಮಾಡಿಕೊಂಡು ಸುಖವಾಗಿದ್ದೆವು.

ಒಂದು ಭಾನುವಾರ ಬೆಳಿಗ್ಗೆ ಅವರು ಕೊಟ್ಟಿಗೆಗೆ ಸಗಣಿ ಕೇಳಲು ಬಂದರು. ಬಾನಿಯೊಳಗೆ ಕೈ ಹಾಕಿ ಒಂದು ಹಿಡಿ ಸಿಪ್ಪೆ ತೆಗೆದು ಬೆಳಕಿಗೆ ಹಿಡಿದರು.

"ಇದ ಅಗಸಿ ಸಿಪ್ಪಿ ಅಲ್ರಿ? ನಾವ ಆರಿಸಿ ಕೊಟ್ಟಿದ್ದು?"

"ಹೂಂ ಅಕ್ಕ. ಅದು ವೇಸ್ಟು."

"ವೇಸ್ಟ್ ಹೆಂಗ ಆಗತೈತ್ರಿ ಅಕ್ಕಾರ? ಸಿಪ್ಪಿ ತಗದ ಮ್ಯಾಗ ಅಗಸಿಯೊಳಗ ಏನ ಉಳಿತೈತಿ, ಬರೇ ಎಣ್ಣಿ."

"ಲೋಳೆ ಆಗುತ್ತೆ ಅಕ್ಕ. ಫಿಲ್ಟರ್ ಕಟ್ಕೊಂಡ್ಬಿಡುತ್ತೆ."

ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಅನ್ನಕ್ಕೆ ಅಕ್ಕಿ ತೊಳೆಯಬೇಕೆಂದು ಗೊತ್ತಿಲ್ಲದ ಸೊಸೆಯನ್ನು ಅತ್ತೆ ನೋಡುವ ನೋಟ ಅದು.

"ಹಸೀದು ನೀರಿಗೆ ಹಾಕಿದ್ರ ಲೋಳಿ ಆಗದ ಏನಾಗತೈತ್ರಿ? ಮೊದ್ಲ ಹುರೀಬೇಕು. ನೀವು ಕಲ್ತಾವ್ರು, ಇಷ್ಟ ಗೊತ್ತಿಲ್ಲೇನ್ರಿ?"

ನನಗೆ ಮೂಗಿನ ತುದಿಯಲ್ಲಿ ಕೋಪ. ಕಲಿತವರು ಎಂಬ ಮಾತು ಚುಚ್ಚಿತು. ಏನೋ ಗೊಣಗಿ ಒಳಗೆ ಹೋದೆ. ಮಧ್ಯಾಹ್ನ ಅವರೇ ಒಂದು ಬಟ್ಟಲು ಅಗಸಿ ಹಿಂಡಿ ಕಳಿಸಿದರು. ಆ ಕಡೆಯವರು ರೊಟ್ಟಿಯ ಜೊತೆ ತಿನ್ನುವ ಚಟ್ನಿಪುಡಿ ಅದು. ಅಮ್ಮನಿಗೆ ಹಿಂಡಿ ಎಂದರೆ ದನಕ್ಕೆ ಇಡುವುದು. ಹಾಗಾಗಿ ಬಟ್ಟಲನ್ನು ದೂರದಿಂದಲೇ ನೋಡಿ, "ಅಸೂಗೂ ಅದೇ, ನಮ್ಗೂ ಅದೇನಾ?" ಎಂದಳು. ನಾನು ಬೆರಳಲ್ಲಿ ಚೂರು ತೆಗೆದು ನಾಲಿಗೆಗೆ ಇಟ್ಟೆ. ಖಾರ, ಬೆಳ್ಳುಳ್ಳಿ, ಹುರಿದ ಕೊಬ್ಬರಿಯಂಥ ಘಮ. ಲೋಳೆಯ ಸುಳಿವೇ ಇರಲಿಲ್ಲ. ಸಿಪ್ಪೆ ಮಾತ್ರ ಹಲ್ಲಿನ ನಡುವೆ ಗರಿಗರಿಯಾಗಿ ಸಿಕ್ಕುತ್ತಿತ್ತು.

ಆಗ ತಲೆಯಲ್ಲಿ ಏನೋ ಹೊಳೆಯಿತು. ನಾವು ಲೋಳೆಯನ್ನು ಓಡಿಸಲು ಸಿಪ್ಪೆಯನ್ನೇ ಓಡಿಸಿದ್ದೆವು. ಲಿಗ್ನಾನ್ ಕೂಡ ಸಿಪ್ಪೆಯಲ್ಲೇ ಇದ್ದರೆ? ಸೋಮವಾರ ಲ್ಯಾಬಿಗೆ ಹೋದವಳೇ ಕಪಾಟಿನಲ್ಲಿದ್ದ ಅಗಸೆಯ ಸಂಶೋಧನಾ ಲೇಖನಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಇತ್ತು. ನಾನು ಅವಸರದಲ್ಲಿ ಹಾರಿಸಿದ್ದ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು, ಲಿಗ್ನಾನ್ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲೇ ಎಂದು. ಸಂಜೆ ಮನೆಗೆ ಬಂದು ಕೊಟ್ಟಿಗೆಯ ಮುಂದೆ ನಿಂತು ಹಣೆ ಚಚ್ಚಿಕೊಂಡದ್ದು ಆಗಲೇ. ಹಸು ನನ್ನನ್ನು ನೋಡುತ್ತ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕನ ಅಡುಗೆಮನೆಯಲ್ಲಿ ಕಾಲು ಮಡಚಿ ಕೂತೆ. ಅವರು ಕಬ್ಬಿಣದ ಬಾಣಲೆ ಇಟ್ಟು, ಉರಿ ಸಣ್ಣ ಮಾಡಿ, ಸಿಪ್ಪೆ ಸಮೇತ ಅಗಸೆ ಹಾಕಿ ಕೈಯಾಡಿಸುತ್ತ ಹೋದರು. ಬೀಜಗಳು ಚಟಚಟ ಸಿಡಿಯತೊಡಗಿದವು. ಸ್ವಲ್ಪ ಹೊತ್ತಿಗೆ ಇಳಿಸಿದರು. ನಾನು ಕುಟ್ಟಲು ಒರಳಿಗೆ ಕೈ ಹಾಕಿದರೆ ತಡೆದರು.

"ಬಿಸಿ ಇದ್ದಾಗ ಕುಟ್ಟಬ್ಯಾಡ್ರಿ, ಎಣ್ಣಿ ಬಿಟ್ಟು ಮುದ್ದಿ ಆಗತೈತಿ. ತಣ್ಣಗಾಗಲಿ. ಮತ್ತ ಭಾಳ ಸಣ್ಣ ಮಾಡಬ್ಯಾಡ್ರಿ. ತರಿತರಿ ಇರಬೇಕು."

ಅಲ್ಲಿಯವರೆಗೆ ನಾನು ಅಗಸೆಯನ್ನು ಮೈದಾದಷ್ಟು ನುಣ್ಣಗೆ ಅರೆಯುತ್ತಿದ್ದೆ. ನುಣ್ಣಗಿದ್ದಷ್ಟೂ ಸಾರ ಹೆಚ್ಚು ಇಳಿಯುತ್ತದೆ ಎಂಬುದು ಲ್ಯಾಬಿನವರ ಶಾಸ್ತ್ರ. ಅಕ್ಕನ ತರಿಯನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಎಣ್ಣೆ ತೆಗೆದು, ನೀರಿಗಿಂತ ಸ್ಪಿರಿಟ್ ಹೆಚ್ಚಿರುವ ದ್ರವದಲ್ಲಿ ನೆನೆಸಿದೆ. ಫಿಲ್ಟರ್ ಕಟ್ಟಲಿಲ್ಲ. ಸಾರವನ್ನು ಯಂತ್ರಕ್ಕೆ ಹಾಕಿ ಪರದೆಯ ಮುಂದೆ ಉಗುರು ಕಚ್ಚುತ್ತ ಕೂತೆ. ಗೆರೆ ಏಳತೊಡಗಿತು. ಏಳುತ್ತಲೇ ಹೋಯಿತು. ನನ್ನ ಇರುವೆಗೂಡಿನ ಜಾಗದಲ್ಲಿ ಶಿವಗಂಗೆ ಬೆಟ್ಟ ನಿಂತಿತ್ತು. ನಾನು ಎದ್ದು ಲ್ಯಾಬಿನೊಳಗೆ ಎರಡು ಸುತ್ತು ಓಡಾಡಿದೆ, ಮತ್ತೆ ಬಂದು ನೋಡಿದೆ. ಬೆಟ್ಟ ಅಲ್ಲೇ ಇತ್ತು. ಅಷ್ಟು ಸಂತೋಷ ನನಗೆ ಪಾಸಾದ ದಿನವೂ ಆಗಿರಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮ್ಯಾನೇಜರ್ ಬಂದು ಪರದೆ ನೋಡಿ, "ಹೇಗೆ ಮಾಡ್ದೆ?" ಎಂದಾಗ, "ಹುರಿದು ನೋಡ್ದೆ ಸಾರ್," ಎಂದೆ. ಅಷ್ಟೇ ಅಂದೆ. ಸುಳ್ಳಲ್ಲ, ನಿಜವೂ ಅಲ್ಲ. ಅವರು ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ. ಬೀಜದ ಕೋಣೆಯ ಮುಂದೆ ಹಾದುಹೋಗುವಾಗ ಒಳಗೆ ನೋಡಲಿಲ್ಲ.

ಆಮೇಲೆ ಲ್ಯಾಬಿನಲ್ಲಿ ಅದೇ ಮೂಟೆಯ ಬೀಜವನ್ನು ನಾನೇ ಹುರಿದೆ. ಸ್ಟಾಪ್‌ವಾಚ್ ಹಿಡಿದು ಏಳು ನಿಮಿಷ. ಬೆಟ್ಟ ಎದ್ದಿತು. ಇನ್ನೊಮ್ಮೆ ಏಳು ನಿಮಿಷ, ಮತ್ತೆ ಎದ್ದಿತು. ಪುಸ್ತಕದಲ್ಲಿ 'ಏಳು ನಿಮಿಷ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಗಿರಾಕಿ ಬರಲು ಐದು ದಿನ ಇದ್ದಾಗ ಆ ಮೂಟೆ ಮುಗಿಯಿತು. ಹೊಸ ಮೂಟೆ ಒಡೆದೆವು. ಏಳು ನಿಮಿಷ ಹುರಿದೆ. ಗಂಟಲು ಹಿಸುಕಿದಂತೆ ಫಿಲ್ಟರ್ ಕಟ್ಟಿಕೊಂಡಿತು. ಇನ್ನೊಂದು ಮೂಟೆ ತಂದೆ. ಏಳು ನಿಮಿಷಕ್ಕೆ ಸೀದು ಕರ್ರಗಾಗಿ ಲ್ಯಾಬೆಲ್ಲ ಹೊಗೆ. ನಿಂತಲ್ಲೇ ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಅಂತ ಎಲ್ಲರಿಗೂ ಹೇಳಿದೆ.

ಆ ಸಂಜೆ ಮೂರನೇ ಮನೆಯ ಬಾಗಿಲಲ್ಲಿ ನಿಂತು ಎಲ್ಲ ಒಪ್ಪಿಕೊಂಡೆ. ನಿಮ್ಮ ಹೆಸರು ಹೇಳಲಿಲ್ಲ ಎಂದೆ. ಅಗಸೆ ಕೈಕೊಟ್ಟರೆ ನಿಮ್ಮ ಕೋಣೆ ಮುಚ್ಚುತ್ತಾರೆ ಎಂದೂ ಹೇಳಿಬಿಟ್ಟೆ. ಅಕ್ಕ ರೊಟ್ಟಿ ತಟ್ಟುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಕೋಣಿ ಮುಚ್ಚೂದು ನಮಗ ಗೊತ್ತೈತ್ರಿ. ಗೇಟಿನ್ಯಾಗ ಕಾವಲುಗಾರ ಹೇಳ್ಯಾನ."

"ಮತ್ತೆ ನನ್ನ ಹತ್ರ ಏನೂ ಕೇಳ್ಲೇ ಇಲ್ಲ?"

"ನೀವ ನಲ್ಲಿ ಮುಂದ ಮಾರಿ ಕೆಳಗ ಹಾಕಿ ನಿಲ್ತಿದ್ರಿ. ಏನ ಕೇಳೂದ್ರಿ?" ಎಂದರು. ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಕಡೆ ತಿರುಗಿದರು. "ಗಡಿಯಾರ ನೋಡಿ ಯಾರರ ಹುರೀತಾರೇನ್ರಿ? ಹಸಿ ಇದ್ದ ಕಾಳು ತಡಾ ಮಾಡತೈತಿ, ಒಣಾ ಕಾಳು ಲಗೂ ಸಿಡೀತೈತಿ. ಕಿವಿಗೊಟ್ಟ ಕೇಳಬೇಕು. ಮೊದ್ಲ ಒಂದೊಂದ ಚಟ್ ಅಂತಾವು. ಆಮ್ಯಾಲೆ ಎಲ್ಲಾ ಕೂಡಿ ಗದ್ದಲಾ ಹಾಕ್ತಾವು. ಗದ್ದಲಾ ಇಳ್ಯಾಕ ಹತ್ತಿತಂದ್ರ ತಗದಬಿಡೂದು. ಪೂರಾ ಸುಮ್ಮನಾಗೂ ತನಕಾ ನಿಂತ್ರ ಕರಕ ಆಗತೈತಿ."

"ನನಗೆ ಕೇಳ್ಸುತ್ತಾ ಅದು?"

"ಒಂದ ವರ್ಷಕ್ಕ ಕೇಳಸ್ತೈತಿ," ಎಂದು ನಕ್ಕರು. ನನ್ನ ಕೈಗೆ ಬಿಸಿ ರೊಟ್ಟಿ ಕೊಟ್ಟರು. ನಾನು ನಿಂತುಕೊಂಡೇ ತಿಂದೆ.

ಮರುದಿನ ಮ್ಯಾನೇಜರ್ ರೂಮಿಗೆ ಹೋಗಿ ಇದು ನನ್ನದಲ್ಲ ಸಾರ್ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

"ಕಸ್ಟಮರ್‌ಗೆ ಏನಂತ ಹೇಳೋದಮ್ಮ? ಟೆಂಪರೇಚರ್ ಕೇಳ್ತಾರೆ, ಟೈಮ್ ಕೇಳ್ತಾರೆ. ಒಬ್ರು ಆಂಟಿ ಕಿವಿಯಿಂದ ಕೇಳಿ ಹೇಳ್ತಾರೆ ಅಂತ ಬರೆಯೋಕಾಗುತ್ತಾ?"

"ಪರೀಕ್ಷೆ ಮಾಡಿ ಸಾರ್. ಮೂರು ಮೂಟೆ ಕೊಡಿ, ಬೇರೆ ಬೇರೆ ಥರದ್ದು. ನಾನು ವಾಚ್ ಹಿಡಿದು ಹುರೀತೀನಿ, ಅಕ್ಕ ಕಿವಿಯಿಂದ ಹುರೀಲಿ. ಯಾರದ್ದು ಸರಿ ಬರುತ್ತೋ ನೋಡೋಣ."

ಬೇರೆ ದಾರಿ ಕಾಣದೆ ಅವರು ಒಪ್ಪಿ, ಪರೀಕ್ಷೆಯನ್ನು ಗಿರಾಕಿ ಬರುವ ದಿನವೇ ಇಟ್ಟರು. ಗಿರಾಕಿಯ ಕಡೆಯಿಂದ ಬಂದದ್ದು ಒಬ್ಬ ಹಿರಿಯ ಹೆಂಗಸು. ಬಾಬ್‌ಕಟ್ ಮಾಡಿದ ಬಿಳಿ ಕೂದಲು, ದಪ್ಪ ಕನ್ನಡಕ. ವಿಷಯ ಕೇಳಿ ನಗುತ್ತಾರೇನೋ ಅಂದುಕೊಂಡರೆ, ಕುರ್ಚಿ ಎಳೆದುಕೊಂಡು ಕೂತು, ಶುರು ಮಾಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಪ್ಲಾಂಟಿನ ಮೂಲೆಯಲ್ಲಿ ಎರಡು ಒಲೆ, ಎರಡು ದೊಡ್ಡ ಬಾಣಲೆ ಇಟ್ಟಿದ್ದರು. ಬೀಜದ ಕೋಣೆಯ ಉಳಿದ ಏಳು ಜನ ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ನಾನು ಸ್ಟಾಪ್‌ವಾಚ್ ಒತ್ತಿದೆ. ಅಕ್ಕ ಮೊದಲ ಮೂಟೆಯ ಬೀಜ ಸುರಿದು ಎರಡು ಸಲ ಕೈಯಾಡಿಸಿದರು. ಆಮೇಲೆ ಒಲೆ ಆರಿಸಿ ನೆಟ್ಟಗೆ ನಿಂತುಬಿಟ್ಟರು.

"ಏನಾಯ್ತಮ್ಮ?" ಎಂದರು ಮ್ಯಾನೇಜರ್.

"ಏನೂ ಕೇಳವಲ್ದ್ರಿ ಸಾಹೇಬ್ರ," ಎಂದರು ಅಕ್ಕ. ಗೋಡೆಯ ಬಳಿ ಗುಡುಗುತ್ತಿದ್ದ, ಯಂತ್ರಗಳಿಗೆಲ್ಲ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಕಡೆ ಬೆರಳು ಮಾಡಿದರು. "ಅದನ್ನ ಬಂದ್ ಮಾಡ್ರಿ."

ಕಂಪ್ರೆಸರ್ ನಿಲ್ಲಿಸಿದರೆ ಡ್ರೈಯರ್ ನಿಲ್ಲುತ್ತದೆ, ಪ್ಯಾಕಿಂಗ್ ನಿಲ್ಲುತ್ತದೆ, ಇಡೀ ಪ್ಲಾಂಟು ನಿಲ್ಲುತ್ತದೆ. ಮಾಲೀಕರು ಬಂದು ಹೇಳಿದರೂ ಹಗಲಲ್ಲಿ ಅದನ್ನು ನಿಲ್ಲಿಸುತ್ತಿರಲಿಲ್ಲ. ಮ್ಯಾನೇಜರ್ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಕನ್ನಡಕದ ಹೆಂಗಸು ಮಾತು ಏನೆಂದು ಪಕ್ಕದವರನ್ನು ಕೇಳಿ ತಿಳಿದುಕೊಂಡು, ಆಕೆ ಹೇಳಿದ್ದು ಸರಿ ಎಂದರು. ಮ್ಯಾನೇಜರ್ ಕೈ ಎತ್ತಿ ಸನ್ನೆ ಮಾಡಿದರು.

ಕಂಪ್ರೆಸರ್ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಎಕ್ಸಾಸ್ಟ್ ಫ್ಯಾನುಗಳು ತಿರುಗುತ್ತ ತಿರುಗುತ್ತ ನಿಂತವು. ನಾಲ್ಕು ವರ್ಷದಲ್ಲಿ ಮೊದಲ ಸಲ ನನಗೆ ಆ ಶೆಡ್ಡಿನೊಳಗೆ ಗುಬ್ಬಚ್ಚಿಗಳು ಇರುವುದು ಗೊತ್ತಾಯಿತು. ಹೆಲ್ಮೆಟ್ ಹಾಕಿಕೊಂಡ ಗಂಡಸರು ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನಿಂತರು. ಇಬ್ಬರೂ ಹೊಸದಾಗಿ ಬೀಜ ಸುರಿದೆವು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಹಚ್ಚಿದರು, ನಾನು ವಾಚನ್ನು ಮತ್ತೆ ಮೊದಲಿನಿಂದ ಒತ್ತಿದೆ.

ಮೊದಲು ಒಂದು ಚಟ್. ಆಮೇಲೆ ಇನ್ನೊಂದು. ಆಮೇಲೆ ಬಾಣಲೆ ತುಂಬ ಗದ್ದಲ. ಅಕ್ಕ ತಲೆ ಒಂದು ಕಡೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ಕೈಯಾಡಿಸುತ್ತಿದ್ದರು. ಗದ್ದಲ ಇಳಿಯಿತೋ ಇಲ್ಲವೋ ನನಗಂತೂ ತಿಳಿಯಲಿಲ್ಲ, ಅವರು ಬಾಣಲೆ ಇಳಿಸಿಬಿಟ್ಟರು. ನನ್ನ ವಾಚಿನಲ್ಲಿ ಇನ್ನೂ ಎರಡು ನಿಮಿಷ ಬಾಕಿ. ಎರಡನೇ ಮೂಟೆಗೆ ನಾನು ಇಳಿಸಿ ಕೈ ಒರೆಸಿಕೊಂಡು ನಿಂತರೂ ಅವರು ಹುರಿಯುತ್ತಲೇ ಇದ್ದರು. ಯಾರೋ ಕೆಮ್ಮಿದರು, ಅಕ್ಕ ಅತ್ತ ಒಂದು ನೋಟ ಬೀರಿದರು. ಕೆಮ್ಮಿದವರು ಮತ್ತೆ ಕೆಮ್ಮಲಿಲ್ಲ. ಮೂರನೇ ಮೂಟೆಗೆ ನಾವಿಬ್ಬರೂ ಒಟ್ಟಿಗೇ ಇಳಿಸಿದೆವು. ಅದು ನನ್ನ ಅದೃಷ್ಟ.

ಆರು ಡಬ್ಬಿಗಳನ್ನು ಯಂತ್ರ ಪರೀಕ್ಷಿಸಿ ಮುಗಿಸುವ ಹೊತ್ತಿಗೆ ಮಾರನೇ ದಿನ ಮಧ್ಯಾಹ್ನವಾಯಿತು. ನನ್ನ ಮೂರರಲ್ಲಿ ಒಂದು ಉತ್ತೀರ್ಣ, ಎರಡು ಡುಮ್ಕಿ. ಅಕ್ಕನದು ಮೂರೂ ಗಿರಾಕಿ ಕೇಳಿದ ಗೆರೆಯ ಮೇಲೆ, ಒಂದರ ಪಕ್ಕ ಒಂದು, ಅಣ್ಣತಮ್ಮಂದಿರ ಹಾಗೆ ಒಂದೇ ಎತ್ತರ. ನನ್ನ ಜೀವನದಲ್ಲಿ ನಾನು ಇಷ್ಟು ಸಂತೋಷದಿಂದ ಸೋತಿಲ್ಲ. ಕಾಗದ ಹಿಡಿದು ಮೆಟ್ಟಿಲು ಇಳಿಯುವಾಗ ಎರಡು ಮೆಟ್ಟಿಲು ಒಟ್ಟಿಗೇ ಹಾರಿದೆ.

ಕನ್ನಡಕದ ಹೆಂಗಸು ಆರೂ ಗೆರೆಗಳನ್ನು ನಿಧಾನವಾಗಿ ನೋಡಿದರು. ಒಂದು ಪ್ರಶ್ನೆ ಕೇಳಿದರು, ಈಕೆ ರಜೆ ಹಾಕಿದರೆ ಏನು ಮಾಡುತ್ತೀರಿ ಎಂದು. ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಹೇಳಿದರು, ಬೀಜದ ಕೋಣೆಯಲ್ಲಿ ಇನ್ನೂ ಏಳು ಜನ ಇದ್ದಾರೆ, ಈಕೆ ಅವರಿಗೆ ಕಲಿಸುತ್ತಾರೆ ಎಂದು. ಆ ಕೋಣೆಗೆ ಬೀಗ ಹಾಕುವ ಮಾತಾಡಿದ ಮನುಷ್ಯ ಅವರೇ. ನಾನು ನೆಲ ನೋಡಿ ನಗು ತಡೆದುಕೊಂಡೆ. ಆಕೆ ಆರ್ಡರಿಗೆ ಸಹಿ ಹಾಕಿದರು. ಪುಡಿ ತಯಾರಿಸುವ ವಿಧಾನದ ಕಾಗದದಲ್ಲಿ, ಹುರಿಯುವ ಹದವನ್ನು ತಿಳಿಯುವ ಬಗೆ ಎಂಬ ಜಾಗದಲ್ಲಿ, ಅನುಭವಿ ಕೆಲಸಗಾರ್ತಿಯ ಕಿವಿ ಎಂದು ಇಂಗ್ಲಿಷಿನಲ್ಲಿ ನಾನೇ ಟೈಪು ಮಾಡಿದೆ.

ಅಮ್ಮನಿಗೆ ಆಗ ಮಂಡಿನೋವಿತ್ತು. ಅದು ಅಗಸೆಯಿಂದ ಹೋಯಿತೇ ಎಂದು ಈಗಲೂ ಕೆಲವರು ಕೇಳುತ್ತಾರೆ, ಯಾಕೆಂದರೆ ಆಕೆ ಕೊನೆಗೂ ಆ ಹಿಂಡಿ ತಿನ್ನಲು ಶುರು ಮಾಡಿದಳು. ನಾನು ಹೌದು ಎನ್ನುವುದಿಲ್ಲ. ಒಬ್ಬಳ ಮಂಡಿಯಿಂದ ಏನೂ ಸಾಬೀತಾಗದು. ಆದರೆ ಆ ಬೀಜದಲ್ಲಿ ಏನಿದೆ, ಎಲ್ಲಿದೆ, ಅದನ್ನು ಕೆಡಿಸದೆ ಹೊರಗೆ ತರುವುದು ಹೇಗೆ ಎಂಬುದು ಖಂಡಿತವಾಗಿ ಗೊತ್ತು. ಮೂರನೆಯದನ್ನು ಯಾರು ಕಲಿಸಿದರು ಎಂಬುದನ್ನು ಆಮೇಲೆ ನಾನು ಎಲ್ಲಿಯೂ ನುಂಗಿಕೊಂಡಿಲ್ಲ.

ಸಹಿಯಾದ ದಿನ ಸಂಜೆ ನಾನು ಬೀಜದ ಕೋಣೆಯಲ್ಲಿದ್ದೆ. ಸುದ್ದಿ ಹೇಳಿಯಾಗಿತ್ತು. ಒಬ್ಬರು ಅಳುತ್ತಿದ್ದರು, ಇಬ್ಬರು ಅವರನ್ನು ಗೇಲಿ ಮಾಡುತ್ತಿದ್ದರು, ಅಕ್ಕ ಏನೂ ಆಗದವರಂತೆ ಮೊರದಲ್ಲಿ ಕಲ್ಲು ಆರಿಸುತ್ತಿದ್ದರು. ಆಗ ಮ್ಯಾನೇಜರ್ ಬಾಗಿಲಿಗೆ ಬಂದರು. ನಾನು ಕೆಲಸಕ್ಕೆ ಸೇರಿದಾಗಿನಿಂದ ಅವರು ಆ ಕೋಣೆಗೆ ಕಾಲಿಟ್ಟದ್ದು ನಾನು ನೋಡಿರಲಿಲ್ಲ. ಹೆಂಗಸರೆಲ್ಲ ಎದ್ದು ನಿಂತರು. ಅವರು ಕೂತ್ಕೊಳ್ಳಿ ಎಂದು ಕೈ ಮಾಡಿ, ಅಕ್ಕನ ಕಡೆ ತಿರುಗಿದರು.

"ನಾಳೆ ಮೊದಲನೇ ಬ್ಯಾಚು ಶುರು ಮಾಡ್ಬೇಕಮ್ಮ," ಎಂದರು. "ಕಂಪ್ರೆಸರ್ ಎಷ್ಟು ಗಂಟೆಗೆ ನಿಲ್ಲಿಸ್ಲಿ?" ಎಂದು ಕೇಳಿದರು.

ಅಕ್ಕ ಮೊರದಿಂದ ಇನ್ನೊಂದು ಕಲ್ಲು ಆರಿಸಿ ಬಿಸಾಡಿದರು.

"ಹತ್ತಕ್ಕ ನಿಲ್ಲಸ್ರಿ," ಎಂದರು.

ಹತ್ತಕ್ಕೆ ನಿಲ್ಲಿಸಿದರು.